ಎಂಜಿನ್ ನನಗೆ, ಬಾಡಿ ನಿನಗೆ

ಹುಮನಾಬಾದ್
ರವಿವಾರ, 16 ಜೂನ್ 2024

ತಮ್ಮ ಮಚ್ಚೇಂದ್ರನಿಗೆ ಅಣ್ಣ ಲಾಲಪ್ಪನ ಜೈಭೀಮ್.

ಈ ಕಾಗದ ನೋಡಿದ ಕೂಡಲೇ ನೀನು ನಗುತ್ತೀಯೆಂದು ಗೊತ್ತು. ನಕ್ಕು ಮುಗಿಸಿ ಓದು. ನಮ್ಮೂರು ಮೋರಖಂಡಿಯಲ್ಲಿ ಆಸ್ತಿ ಪಾಲು ಮಾಡಿ ನಮ್ಮ ವಾಟಣಿ ಆದ ದಿನ ಪಂಚರ ಮುಂದೆ "ಇನ್ನ ಇವನ ಜೋಡಿ ಬಾಯಿ ಬಿಚ್ಚಿದರ ನಮ್ಮಪ್ಪನ ಆಣಿ" ಎಂದವನು ನಾನೇ. ಅದನ್ನು ಇವತ್ತಿನವರೆಗೆ ಮುರಿದಿಲ್ಲ, ಈಗಲೂ ಮುರಿಯುವುದಿಲ್ಲ. ಆಣೆ ಹಾಕಿದ್ದು ಬಾಯಿಗೆ, ಕೈಗಲ್ಲ. ಫೋನ್ ಮಾಡಿದರೆ ಬಾಯಿ ಬಿಚ್ಚಿದಂತೆ. ವಾಟ್ಸಾಪ್ ಮಾಡಿ ಎಂದು ನನ್ನ ಮನೆಯಾಕೆ, ನಿನ್ನ ವೈನಿ ರತ್ನಮಾಲಾ ಹೇಳಿದಳು. ಅದರಲ್ಲಿ ನೀನು ಓದಿದ ತಕ್ಷಣ ಗೆರೆ ನೀಲಿಯಾಗುತ್ತದೆ, ಎದುರಿಗೆ ಕೂತು ಹೂಂಗುಟ್ಟಿದ ಹಾಗೆ. ಅದೂ ಬೇಡವೆನಿಸಿತು. ಮಗಳು ಮಿತ್ರಾ ನಿನ್ನ ಮನೆಗೆ ಒಯ್ಯುವ ಜೋಳದ ಹಿಟ್ಟಿನ ಚೀಲದಲ್ಲಿ ಇದನ್ನು ಇಡುತ್ತಿದ್ದೇನೆ.

ವಿಷಯ ಇಷ್ಟು. ಮಗಳನ್ನು ನಿನ್ನಲ್ಲಿ ಬಿಟ್ಟದ್ದು ಅಲ್ಲಿಯ ಕಾಲೇಜಿನಲ್ಲಿ ಸೆಕೆಂಡ್ ಪಿಯುಸಿ ಓದಲಿ ಎಂದು. ನಿನ್ನೆ ಮನೆಗೆ ಬಂದಾಗ ಅವಳ ಉಗುರಿನ ಸಂದಿಯಲ್ಲೆಲ್ಲ ಕಪ್ಪು ಗ್ರೀಸು. ಏನಿದು ಎಂದರೆ, "ಅಜ್ಜನ ಗಾಡಿ ತಯಾರ್ ಮಾಡಾಕತ್ತೀವಿ ಅಪ್ಪಾ, ನಾನೂ ಕಾಕಾನೂ," ಎಂದಳು. ನಾನೂ ಕಾಕಾನೂ. ಊಟಕ್ಕೆ ಕೂತಾಗ ಆ ಮಾತನ್ನು ಎಷ್ಟು ಸಲ ಅಂದಳೋ, ನಾನು ಅರ್ಧ ರೊಟ್ಟಿ ಬಿಟ್ಟು ಎದ್ದೆ.

ಗಾಡಿಯ ಲೆಕ್ಕ ನಿನಗೆ ಮರೆತಿರಬಹುದು. ಅಪ್ಪ ಹುಮನಾಬಾದಿಗೂ ಬಸವಕಲ್ಯಾಣಕ್ಕೂ ಟ್ಯಾಕ್ಸಿ ಹೊಡೆದು ನಮ್ಮನ್ನು ಸಾಕಿದ ಅಂಬಾಸಡರ್ ಅದು. ವಾಟಣಿಯಲ್ಲಿ ಅದನ್ನು ನಾನು ನಿನಗೆ ಬಿಡಲಿಲ್ಲ, ನೀನು ನನಗೆ ಬಿಡಲಿಲ್ಲ. ಮಾರುವುದಕ್ಕೆ ಇಬ್ಬರೂ ಒಪ್ಪಲಿಲ್ಲ. ಪಂಚರಿಗೆ ಸಾಕಾಗಿ, ದೊಡ್ಡವನಿಗೆ ಎಂಜಿನ್, ಸಣ್ಣವನಿಗೆ ಬಾಡಿ ಎಂದು ಹೇಳಿ ಎದ್ದು ಹೋದರು. ನಾನು ಎಂಜಿನ್ ತಂದು ನನ್ನ ಗಿರಣಿಗೆ ಕೂಡಿಸಿದೆ. ಕರೆಂಟ್ ಹೋದಾಗಲೆಲ್ಲ ಇಂದಿಗೂ ಅದೇ ಹಿಟ್ಟು ಬೀಸುತ್ತದೆ. ನೀನು ಬಾಡಿಯನ್ನು ಹಿತ್ತಲಲ್ಲಿ ನಿಲ್ಲಿಸಿ ತಾಡಪತ್ರಿ ಹೊದಿಸಿದೆ. ನಿನ್ನ ಪಾಲಿನದನ್ನು ಏನಾದರೂ ಮಾಡಿಕೋ. ನನ್ನ ಪಾಲಿನ ಮಗಳನ್ನು ಅದರೊಳಗೆ ಎಳೆಯಬೇಡ.

ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ ಎಂದು ತಿಳಿಯಬೇಡ. ಅವಳ ಪರೀಕ್ಷೆಯ ಚಿಂತೆ, ಅಷ್ಟೆ.

ಲಾಲಪ್ಪ


ಬಸವಕಲ್ಯಾಣ
ಶನಿವಾರ, 29 ಜೂನ್ 2024

ಅಣ್ಣನಿಗೆ ಮಚ್ಚೇಂದ್ರನ ಜೈಭೀಮ್.

ರಾಜೇಶ್ವರಿ ರೊಟ್ಟಿಗೆ ಹಿಟ್ಟು ತೆಗೆಯುವಾಗ ನಿನ್ನ ಕಾಗದ ಅವಳ ಕೈಗೆ ಬಂತು. "ಏನ್ರೀ, ನಿಮ್ಮ ಅಣ್ಣಾರು ಬರದಾರ," ಎಂದು ಅಡುಗೆಮನೆಯಿಂದ ಓಡಿ ಬಂದಳು. ಯಾರೋ ತೀರಿಕೊಂಡ ಸುದ್ದಿ ಇರಬೇಕೆಂದು ನಾನು ಮೊದಲು ಹೆದರಿದೆ. ಆಮೇಲೆ ನಕ್ಕೆ. ನೀನು ಹೇಳಿದ ಕ್ರಮದಲ್ಲೇ ನಡೆಯಿತು.

ಹೊಟ್ಟೆಕಿಚ್ಚು ಎಂಬ ಮಾತನ್ನು ಇಲ್ಲಿ ಯಾರೂ ಆಡಿರಲಿಲ್ಲ ಅಣ್ಣ. ಮೊದಲು ಆಡಿದವನು ನೀನು.

ಅವಳನ್ನು ನಾನು ಎಳೆಯಲಿಲ್ಲ. ಒಂದು ದಿನ ಮೋಟರ್ ವೈಂಡಿಂಗ್ ಅಂಗಡಿ ಮುಚ್ಚಿ ಮನೆಗೆ ಬರುವಷ್ಟರಲ್ಲಿ ಅವಳೇ ತಾಡಪತ್ರಿ ತೆಗೆದು ನಿಂತಿದ್ದಳು. ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು, ಡಿಕ್ಕಿಯಲ್ಲಿ ಸೌದೆ ಇತ್ತು. ಗಾಡಿಯ ಸುತ್ತ ಒಮ್ಮೆ ತಿರುಗಿ, "ಕಾಕಾ, ಅಜ್ಜನ ಗಾಡಿ ಹಿಂಗ ಯಾಕ ಕೊಳಿಸಾಕತ್ತೀ?" ಎಂದು ಕೇಳಿದಳು. ಅಷ್ಟು ವರ್ಷ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅವಳ ಕೈಗೆ ಬೋಲ್ಟ್ ಬಿಚ್ಚುವ ಪಾನಾ ಕೊಟ್ಟೆ.

ನಿನ್ನ ಮಗಳ ಕೈ ಒಮ್ಮೆ ನೋಡಬೇಕು ನೀನು. ಜಂಗು ಹಿಡಿದ ಬೋಲ್ಟಿಗೆ ಸೀಮೆಎಣ್ಣೆ ಹಾಕಿ ಕಾಯುತ್ತಾಳೆ, ಅವಸರ ಮಾಡುವುದಿಲ್ಲ. ನಾನಾದರೆ ಸುತ್ತಿಗೆಯಿಂದ ಹೊಡೆದು ಬೋಲ್ಟಿನ ತಲೆಯನ್ನೇ ಮುರಿಯುವವನು. ಕಾಲಡಿಯ ತಗಡಿನ ಪತ್ರಾವನ್ನು ಜಂಗು ಪೂರಾ ತಿಂದುಬಿಟ್ಟಿತ್ತು. ಪಕ್ಕದ ಮನೆಯ ಗೌಸ ಡೆಂಟಿಂಗ್ ಕೆಲಸದವನು, ಅವನ ಹತ್ತಿರ ಕೂತು ವೆಲ್ಡಿಂಗ್ ಕಲಿತಳು. ಮೊದಲ ದಿನ ಹಾಕಿದ ಬೆಸುಗೆ ಅಂಬಲಿ ಚೆಲ್ಲಿದ ಹಾಗಿತ್ತು. ಈಗ ಗೌಸ ತನ್ನ ಹುಡುಗರಿಗೆ ಅವಳ ಕೆಲಸ ತೋರಿಸಿ ಬೈಯುತ್ತಾನೆ. ಓದುವುದನ್ನು ಬಿಟ್ಟಿಲ್ಲ, ಬೆಳಿಗ್ಗೆ ಬೇಗ ಎದ್ದು ಓದುತ್ತಾಳೆ, ರಾಜೇಶ್ವರಿ ಚಹಾ ಮಾಡಿಕೊಡುತ್ತಾಳೆ.

ನಮಗೆ ಮಕ್ಕಳಿಲ್ಲ, ನಿನಗೆ ಗೊತ್ತೇ ಇದೆ. ಸಂಜೆಯಾದರೆ ಈ ಮನೆಯಲ್ಲಿ ಟಿವಿ ಒಂದೇ ಮಾತಾಡುತ್ತಿತ್ತು. ಈಗ ಹಿತ್ತಲಿನಿಂದ "ಕಾಕಾ, ಲೈಟ್ ಹಿಡಿ" ಎಂದು ಮಿತ್ರಾ ಕೂಗುತ್ತಾಳೆ, ನಾನು ಊಟ ಬಿಟ್ಟು ಹೋಗಿ ಲೈಟು ಹಿಡಿಯುತ್ತೇನೆ. ಇದನ್ನೂ ನಿನಗೆ ವಾಟಣಿ ಮಾಡಿ ಕೊಡಬೇಕೇನು?

ಇನ್ನೊಂದು ಸುದ್ದಿ. ಮುಂದಿನ ಉದ್ದನೆಯ ಸೀಟು ತೆಗೆದು, ಗುಜರಿಗೆ ಬಂದ ಹೊಸ ಮಾದರಿಯ ಕಾರಿನ ಎರಡು ಬಿಡಿ ಸೀಟು ಹಾಕಬೇಕೆಂದು ಅವಳ ಆಸೆ. ಗೇರನ್ನೂ ಸ್ಟೇರಿಂಗ್ ಬುಡದಿಂದ ನೆಲಕ್ಕೆ ಇಳಿಸಬೇಕಂತೆ. ಚೆನ್ನಾಗಿರುತ್ತದೆ ಎಂದೆ ನಾನು. ಗೌಸ ಸೀಟು ತಂದಿಟ್ಟಿದ್ದಾನೆ.

ಮಚ್ಚೇಂದ್ರ


ಹುಮನಾಬಾದ್
ರವಿವಾರ, 30 ಜೂನ್ 2024

ಮಚ್ಚೇಂದ್ರ,

ಅವಳು ಇವತ್ತು ಸಂಜೆಯ ಬಸ್ಸಿಗೆ ಹೊರಡುತ್ತಾಳೆ, ಅದಕ್ಕೇ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮುಂದಿನ ಸೀಟು ಮುಟ್ಟಬೇಡಿ. ಗೇರನ್ನೂ ಮುಟ್ಟಬೇಡಿ. ದೀಪ ಬದಲಿಸಿ, ಬಣ್ಣ ಬದಲಿಸಿ, ಹಾರ್ನಿನ ಬದಲು ಶಹನಾಯಿ ಹಚ್ಚಿರಿ, ನನಗೇನು. ಆ ಸೀಟು ಇದ್ದ ಹಾಗೇ ಇರಬೇಕು. ಕಾರಣ ಕೇಳಬೇಡ.

ನನ್ನ ಮಗಳ ಕೈ ನಾನು ನೋಡಬೇಕಂತೆ. ನಡೆಯಲು ಕಲಿಯುವಾಗ ಆ ಕೈ ಹಿಡಿದವನು ಯಾರು?

ಇವತ್ತು ಅವಳು ನನ್ನ ಜೊತೆ ಆಡಿದ್ದು ನಾಲ್ಕೇ ಮಾತು, ನಾಲ್ಕೂ ಗೌಸನ ವೆಲ್ಡಿಂಗಿನ ಬಗ್ಗೆ. ಉಳಿದ ಹೊತ್ತು ಮಲಗಿದ್ದಳು. ಅಲ್ಲಿಂದ ದಿನಾ ಸಂಜೆ ತಾಯಿಗೆ ಫೋನ್ ಮಾಡುತ್ತಾಳೆ, ನನಗೆ ಒಂದು ದಿನವೂ ಕೊಡಿಸುವುದಿಲ್ಲ. ಅದೂ ಕರೆಂಟ್ ಹೋಗಿ ನಾನು ಎಂಜಿನ್ ಚಾಲೂ ಮಾಡಿದ ಹೊತ್ತು ನೋಡಿಯೇ ಮಾಡುತ್ತಾಳೆ. ಆ ಗದ್ದಲದಲ್ಲಿ ತಾಯಿ-ಮಗಳ ಮಾತು ನನ್ನ ಕಿವಿಗೆ ಬೀಳಬಾರದು, ಅದಕ್ಕೇ ಇರಬೇಕು. ರತ್ನಮಾಲಾ ಫೋನ್ ಹಿಡಿದು ಗಿರಣಿಯ ಬಾಗಿಲಲ್ಲಿ ನಿಲ್ಲುತ್ತಾಳೆ. ಇಲ್ಲಿ ಯಾಕ ನಿಂತಿ ಎಂದರೆ, "ಒಳಗ ರೇಂಜ್ ಸಿಗಂಗಿಲ್ಲ" ಎನ್ನುತ್ತಾಳೆ. ನನ್ನ ಮನೆಯಲ್ಲೇ ನನ್ನಿಂದ ಮುಚ್ಚಿಡುವಂಥದ್ದು ಏನು ಕಲಿಸಿ ಕಳಿಸುತ್ತಿದ್ದೀ ನೀನು?

ಹೌದು, ಹೊಟ್ಟೆಕಿಚ್ಚೇ. ಇನ್ನೊಮ್ಮೆ ಆ ಮಾತು ಎತ್ತಬೇಡ.

ಲಾಲಪ್ಪ


ಬಸವಕಲ್ಯಾಣ
ಶನಿವಾರ, 17 ಆಗಸ್ಟ್ 2024

ಅಣ್ಣನಿಗೆ ಜೈಭೀಮ್.

ಉತ್ತರ ತಡವಾಯಿತು. ನಿನ್ನ ಕೊನೆಯ ಸಾಲಿಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ.

ಸೀಟಿನ ಕಾರಣ ನೀನು ಹೇಳದಿದ್ದರೂ ನನಗೆ ಗೊತ್ತು. ಶಾಲೆಗೆ ರಜೆ ಇದ್ದಾಗ ಅಪ್ಪ ನಮ್ಮಿಬ್ಬರನ್ನೂ ಗಾಡಿಯಲ್ಲಿ ಕರೆದೊಯ್ಯುತ್ತಿದ್ದ. ಸಣ್ಣವನೆಂದು ನನ್ನನ್ನು ಅಪ್ಪನ ಮಗ್ಗುಲಲ್ಲಿ, ಸೀಟಿನ ನಡುವೆ ಕೂಡಿಸುತ್ತಿದ್ದರು. ದೊಡ್ಡವನೆಂದು ನೀನು ಬಾಗಿಲ ಕಡೆ. ಊರು ಬಂದಾಗಲೆಲ್ಲ ಇಳಿದು ಪ್ಯಾಸೆಂಜರಿಗೆ ಬಾಗಿಲು ತೆಗೆಯುವ ಕೆಲಸ ನಿನ್ನದು. ಅಪ್ಪ ಗೇರ್ ಹಾಕಿದಾಗಲೆಲ್ಲ ಮೊಣಕೈ ನನ್ನ ಪಕ್ಕೆಗೆ ಬಡಿಯುತ್ತಿತ್ತು. ಮನೆಗೆ ಬಂದು ಅಂಗಿ ಎತ್ತಿ, "ನೋಡು, ಅಪ್ಪನ ಮೊಣಕೈ," ಎಂದು ಕೆಂಪಾದ ಜಾಗ ನಿನಗೆ ತೋರಿಸುತ್ತಿದ್ದೆ. ನೀನು ನೋಡದೆ ಹೊರಗೆ ಹೋಗುತ್ತಿದ್ದೆ. ಬೇಕಂತಲೇ ತೋರಿಸುತ್ತಿದ್ದೆ, ಸುಳ್ಳೇಕೆ ಹೇಳಲಿ.

ಇದನ್ನು ಮಿತ್ರಾಗೆ ಹೇಳಿದೆ. ಹೇಳಬಾರದಿತ್ತೇನೋ. ಮರುದಿನ ಅವಳು ಬಿಡಿ ಸೀಟುಗಳನ್ನು ಗೌಸನಿಗೆ ವಾಪಸು ಕೊಟ್ಟು ಬಂದಳು. ಹಳೆಯ ಸೀಟಿನ ಸ್ಪ್ರಿಂಗ್ ಬಿಗಿಸಿ, ಹೊಸ ರೆಗ್ಜಿನ್ ಹೊಲಿಸಿದ್ದಾಳೆ. ಗೇರ್ ಇದ್ದಲ್ಲೇ ಇದೆ. ಬಣ್ಣ ಮಾತ್ರ ಅವಳಿಷ್ಟದ್ದು, ಕಡಲೆ ಗಿಡದ ಹಸಿರು. ಮುಂದೆ ಎಲ್‌ಇಡಿ ದೀಪ, ಒಳಗೆ ಫೋನ್ ಚಾರ್ಜಿಂಗಿಗೆ ಜಾಗ. ವೈರಿಂಗ್ ಪೂರಾ ನನ್ನದು. ನೋಡಿದರೆ ನೀನೂ ಒಪ್ಪುತ್ತೀ, ಬಾಯಿ ಬಿಟ್ಟು ಹೇಳಲಾರೆ ಅಷ್ಟೆ.

ಈಗ ಕೇಳಬೇಕಾದದ್ದು ಕೇಳುತ್ತೇನೆ. ಅವಳಿಗೆ ಕೇಳಲು ಹೆದರಿಕೆ, ಆದ್ದರಿಂದ ನಾನು. ಬಾಡಿ ಮುಗಿದಿದೆ, ಒಳಗೆ ಎಂಜಿನ್ ಇಲ್ಲ. ಬೇರೆ ಎಂಜಿನ್ ಕೂಡಿಸಿದರೂ ಕೂರುತ್ತದೆ. ಆದರೆ ಗಾಡಿಯನ್ನು ಮತ್ತೆ ರಸ್ತೆಗಿಳಿಸಲು ಇನ್‌ಸ್ಪೆಕ್ಟರ್ ಬಂದಾಗ ಎಂಜಿನ್ ಮೇಲಿನ ನಂಬರೂ ಆರ್‌ಸಿಯ ನಂಬರೂ ತಾಳೆಯಾಗಬೇಕು. ಆ ನಂಬರಿನ ಎಂಜಿನ್ ಭೂಮಿಯ ಮೇಲೆ ಒಂದೇ ಇದೆ, ಅದು ನಿನ್ನ ಗಿರಣಿಯಲ್ಲಿ ಜೋಳ ಬೀಸುತ್ತಿದೆ.

ಕೊಡುತ್ತೀಯಾ?

ಮಚ್ಚೇಂದ್ರ


ಹುಮನಾಬಾದ್
ರವಿವಾರ, 1 ಸೆಪ್ಟೆಂಬರ್ 2024

ಮಚ್ಚೇಂದ್ರ,

ಕೊಡುವುದಿಲ್ಲ.

ಈ ಒಂದು ಮಾತು ಬರೆಯಲು ಎರಡು ವಾರ ಹಿಡಿಯಿತು. ಇದಕ್ಕೆ ಮೊದಲು ಬರೆದದ್ದನ್ನೆಲ್ಲ ರತ್ನಮಾಲಾ ಒಲೆಗೆ ಹಾಕಿದಳು, ಅಷ್ಟು ಕೆಟ್ಟದಾಗಿ ಬರೆದಿದ್ದೆ. ಮೊದಲು ಅಪ್ಪನ ಮಗ್ಗುಲು ನಿನಗೆ ಹೋಯಿತು. ಆಮೇಲೆ ಗಾಡಿಯ ಬಾಡಿ. ಈಗ ಮಗಳು. ಉಳಿದದ್ದು ಈ ಎಂಜಿನ್ ಒಂದು. ಇದನ್ನೂ ಕೊಟ್ಟರೆ ಅವಳಿಗೆ ಈ ಮನೆಗೆ ಬರಲು ಏನು ಕಾರಣ ಉಳಿಯುತ್ತದೆ? ಗಾಡಿ ಅಲ್ಲಿ, ಕೆಲಸ ಅಲ್ಲಿ, ಕಾಕಾ ಅಲ್ಲಿ. ನನ್ನ ಮಗಳು ನಿನ್ನ ಮಗಳಾಗಿಬಿಡುತ್ತಾಳೆ ಎಂದು ನನಗೆ ಹೆದರಿಕೆ. ನಿನ್ನ ಹತ್ತಿರ ಹೇಳಬಾರದ ಮಾತು, ಆದರೂ ಬರೆದೆ. ಇದನ್ನು ಒಲೆಗೆ ಹಾಕಲು ರತ್ನಮಾಲಾ ಮನೆಯಲ್ಲಿಲ್ಲ.

ಇನ್ನು ನಿನ್ನ ಗಾಡಿಯೇ ದೊಡ್ಡದೆಂದು ತಿಳಿಯಬೇಡ. ನಾನೂ ಒಂದು ಕಾರು ತಂದಿದ್ದೇನೆ. ಹಳೆಯ ಮಾರುತಿ ಎಂಟುನೂರು. ಎಂಜಿನ್ ಕೇಳಿಯೇ ತಂದದ್ದು, ಬೆಣ್ಣೆಯ ಹಾಗೆ ಓಡುತ್ತದೆ. ಗಿರಣಿಯ ಮುಂದೆ ನಿಲ್ಲಿಸಿದ್ದೇನೆ. ಮಗಳಿಗೆ ಹಸಿರು ಇಷ್ಟವೆಂದು ನೀನೇ ಬರೆದಿದ್ದೆಯಲ್ಲ, ನಾನೇ ಕೂತು ಹಸಿರು ಬಣ್ಣ ಬಳಿದಿದ್ದೇನೆ. ಇವತ್ತು ಅವಳು ಬರಲಿಲ್ಲ, ಕಾಲೇಜಿನಲ್ಲಿ ಟೆಸ್ಟ್ ಎಂದು ಫೋನ್ ಮಾಡಿದಳಂತೆ, ತಾಯಿಗೆ. ಈ ಕಾಗದವನ್ನು ಕಲ್ಯಾಣದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ. ಮುಂದಿನ ರವಿವಾರ ಅವಳನ್ನು ತಪ್ಪದೆ ಕಳಿಸು. ಕೆಲಸ ಮಾಡಲು ಇಲ್ಲಿಯೂ ಗಾಡಿ ಇದೆ ಎಂದು ಹೇಳು.

ಲಾಲಪ್ಪ


ಬಸವಕಲ್ಯಾಣ
ಶನಿವಾರ, 14 ಸೆಪ್ಟೆಂಬರ್ 2024

ಅಣ್ಣ,

ನಿನ್ನ ಮಾರುತಿಯ ಕಥೆಯನ್ನು ಹೋದ ವಾರವೇ ಮಿತ್ರಾ ಬಂದು ಹೇಳಿದಳು. ಬಾಗಿಲು ಕಿಟಕಿಗೆ ಹಚ್ಚುವ ಎಣ್ಣೆಬಣ್ಣವನ್ನು ಬ್ರಷ್‌ನಿಂದ ಬಳಿದಿದ್ದೀಯಂತೆ, ಅದೂ ಜಂಗಿನ ಮೇಲೆಯೇ. ಒಳಗೆ ಕಾಲಿಡುವಲ್ಲಿ ಪತ್ರಾನೇ ಇಲ್ಲವಂತೆ. ಮಾರಿದವನು ಪ್ಲೈವುಡ್ ಇಟ್ಟು ಮೇಲೆ ಗೋಣಿಚೀಲ ಹಾಸಿದ್ದನಂತೆ, ನೀನು ಎತ್ತಿ ನೋಡಲೇ ಇಲ್ಲವಂತೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅವಳು ನಗಲಿಲ್ಲ. ಕೈಯಲ್ಲಿದ್ದ ಪಾನಾ ಕೆಳಗಿಟ್ಟು ನನ್ನನ್ನು ಬೈದಳು. "ನೀ ನಗಬ್ಯಾಡ ಕಾಕಾ. ಅಪ್ಪಗ ಪತ್ರಾ ತಿಳಿಯಂಗಿಲ್ಲ, ನಿನಗ ಎಂಜಿನ್ ತಿಳಿಯಂಗಿಲ್ಲ. ಅರ್ಧರ್ಧ ತಗೊಂಡು ಅರ್ಧರ್ಧ ಕಲತೀರಿ ಇಬ್ಬರೂ." ನನ್ನ ನಗು ಅಲ್ಲಿಗೇ ನಿಂತಿತು. ಯಾಕೆಂದರೆ ಹಿತ್ತಲಲ್ಲಿ ನಿನ್ನ ಮಾರುತಿಯಂಥದ್ದೇ ಒಂದು ನನ್ನದೂ ಇದೆ. ನೀನು ಕೊಡುವುದಿಲ್ಲ ಎಂದು ಬರೆದ ಸಿಟ್ಟಿಗೆ ನಾನು ಜಹೀರಾಬಾದಿಗೆ ಹೋಗಿ ಬೇರೊಂದು ಅಂಬಾಸಡರ್ ಎಂಜಿನ್ ತಂದೆ. ನಂಬರಿನ ವಿಷಯ ಆಮೇಲೆ ನೋಡೋಣ ಎಂದುಕೊಂಡೆ. ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು, ಅಷ್ಟೇ ನೋಡಿದ್ದು. ಚಾಲೂ ಮಾಡಿದ ಕೂಡಲೇ ಅವಳು ಮುಖ ತಿರುಗಿಸಿದಳು. "ಇದು ಆ ಅವಾಜ್ ಅಲ್ಲ," ಎಂದಳು. ಯಾವ ಅವಾಜ್ ಎಂದೆ. "ಅಪ್ಪಂದು."

ಇನ್ನು ನನ್ನ ಹೊಟ್ಟೆಯ ಕಿಚ್ಚನ್ನೂ ಕೇಳು. ನಿನಗೊಬ್ಬನಿಗೇ ಇದೆ ಎಂದು ತಿಳಿದು ಕೂತಿದ್ದೀ. ಇಲ್ಲಿ ಬಂದು ನೋಡು, ದಿನಾ ಸಂಜೆ ಕೆಲಸ ರಂಗೇರಿದಾಗ ಅವಳ ಫೋನಿಗೆ ತಾಯಿಯ ಮಿಸ್ಡ್ ಕಾಲ್ ಬರುತ್ತದೆ. ಇವಳು ಎಲ್ಲ ಬಿಟ್ಟು ಆ ಹಸಿರು ಗಾಡಿಯೊಳಗೆ ಹೋಗಿ ಬಾಗಿಲು ಹಾಕಿ, ತಿರುಗಿ ಫೋನ್ ಮಾಡಿ ಕಣ್ಣು ಮುಚ್ಚಿ ಕೂರುತ್ತಾಳೆ. ಮಾತಿಲ್ಲ ಕಥೆಯಿಲ್ಲ. ಒಂದು ದಿನ ಅದರಲ್ಲಿ ಏನು ಕೇಳುತ್ತೀ ಎಂದು ರೇಗಿ ಕಿತ್ತುಕೊಂಡು ಕಿವಿಗಿಟ್ಟೆ. ಅಪ್ಪನ ಎಂಜಿನ್, ಅಣ್ಣ. ನಿನ್ನ ಗಿರಣಿಯ ಪಟ್ಟಾ ಟಪಟಪ ಎನ್ನುತ್ತಿತ್ತು, ನೀನು ಕೆಮ್ಮುತ್ತ ಯಾರಿಗೋ ಹಿಟ್ಟು ಹಿಡಿ ಎನ್ನುತ್ತಿದ್ದೆ. ವೈನಿ ಬಾಗಿಲಲ್ಲಿ ನಿಲ್ಲುವುದು ರೇಂಜಿಗಲ್ಲ. ಕರೆಂಟ್ ಹೋಗಿ ನೀನು ಎಂಜಿನ್ ಹಾಕಿದ ಕೂಡಲೇ ಮಗಳಿಗೆ ತಿಳಿಸಿ, ಅದನ್ನು ಕೇಳಿಸುವುದಕ್ಕೆ ನಿಲ್ಲುತ್ತಾರೆ.

ಇಷ್ಟು ದಿನ ನಿನಗೆ ಯಾಕೆ ಬರೆಯಲಿಲ್ಲ ಎಂದರೆ, ಬರೆದರೆ ನೀನು ಉಬ್ಬಿ ಹೋಗುತ್ತೀ ಎಂದು. ಬೋಲ್ಟ್ ಬಿಚ್ಚುವುದು ನಾನು ಕಲಿಸಿದೆ, ವೈರಿಂಗ್ ನಾನು ಕಲಿಸಿದೆ, ರಾಜೇಶ್ವರಿ ಅವಳ ಗ್ರೀಸಿನ ಬಟ್ಟೆ ಸೋಡಾ ಹಾಕಿ ತಿಕ್ಕಿ ತಿಕ್ಕಿ ಕೈ ಸುಟ್ಟುಕೊಂಡಳು. ಕಣ್ಣು ಮುಚ್ಚಿ ಕೇಳುವುದು ಮಾತ್ರ ನಿನ್ನನ್ನು.

ಮಚ್ಚೇಂದ್ರ


ಹುಮನಾಬಾದ್
ರವಿವಾರ, 15 ಸೆಪ್ಟೆಂಬರ್ 2024

ತಮ್ಮ ಮಚ್ಚೇಂದ್ರನಿಗೆ,

ನಿನ್ನ ಕಾಗದ ಗಿರಣಿಯಲ್ಲಿ ನಿಂತು ಓದಿದೆ. ಹಿಟ್ಟಿಗೆ ಬಂದ ಹೆಂಗಸರು ಕಣ್ಣಿಗೆ ಖಾರ ಹೋಯಿತೇನು ಎಂದು ಕೇಳಿದರು. ಹೌದು ಎಂದೆ.

ಗಾಂಧಿ ಜಯಂತಿಗೆ ಅವಳಿಗೆ ರಜೆ. ಅವತ್ತು ಪಿಕಪ್‌ನಲ್ಲಿ ಎಂಜಿನ್ ಹಾಕಿಕೊಂಡು ಬರುತ್ತೇನೆ. ಕೂಡಿಸುವುದು ನಾನೇ, ಬೇರೆ ಯಾರೂ ಅದಕ್ಕೆ ಕೈ ಹಚ್ಚಬಾರದು. ಆಣೆ ಹಾಗೇ ಇರುತ್ತದೆ. ನಿನಗೆ ಹೇಳುವುದಿದ್ದರೆ ಮಿತ್ರಾಗೆ ಹೇಳುತ್ತೇನೆ, ಅವಳು ನಿನಗೆ ಹೇಳಲಿ. ಜಹೀರಾಬಾದಿನ ಎಂಜಿನ್ ನನ್ನ ಗಿರಣಿಗೆ ಕೊಡು, ಹೊಳಪು ನೋಡಿ ತಂದದ್ದನ್ನು ಓಡುವ ಹಾಗೆ ಮಾಡುವುದು ನನಗೆ ಬರುತ್ತದೆ.

ಮಾರುತಿಯನ್ನು ಗೌಸನಿಗೆ ಹೇಳಿ ಒಯ್ಯಿಸು. ಅದರ ಮುಖ ನೋಡಲಾಗುತ್ತಿಲ್ಲ.

ಲಾಲಪ್ಪ


ಬಸವಕಲ್ಯಾಣ
ಶನಿವಾರ, 5 ಅಕ್ಟೋಬರ್ 2024

ಅಣ್ಣನಿಗೆ ಮಚ್ಚೇಂದ್ರನ ಜೈಭೀಮ್.

ಗಾಂಧಿ ಜಯಂತಿಯ ದಿನ ನಡೆದದ್ದನ್ನು ನೀನು ಮನಸ್ಸಿಗೆ ಹಚ್ಚಿಕೊಂಡು ಊಟ ಬಿಟ್ಟಿದ್ದೀಯೆಂದು ವೈನಿ ರಾಜೇಶ್ವರಿಗೆ ಫೋನ್ ಮಾಡಿದ್ದರು. ಅದಕ್ಕೇ ಈ ಕಾಗದ. ನಡೆದದ್ದು ನನಗೆ ಹೇಗೆ ಕಂಡಿತು ಎಂದು ಬರೆಯುತ್ತೇನೆ.

ಬೇವಿನ ಗಿಡಕ್ಕೆ ಗೌಸನ ಚೈನ್ ಪುಲ್ಲಿ ಕಟ್ಟಿ ಎಂಜಿನ್ ತೂಗಿಬಿಟ್ಟಿದ್ದೆವು. ಚೈನು ನಿನ್ನ ಕೈಯಲ್ಲಿ, ಕೆಳಗೆ ಬೋಲ್ಟಿನ ತೂತು ಹೊಂದಿಸಲು ನನ್ನ ಕೈ ಒಳಗೆ, ನಡುವೆ ಮಿತ್ರಾ. "ಕಾಕಾಗ ಹೇಳು, ಎಡಕ್ಕ ಒತ್ತು ಅಂತ." "ಅಪ್ಪಗ ಹೇಳು, ಇಷ್ಟು ಜಲ್ದಿ ಬಿಡಬ್ಯಾಡ ಅಂತ." ನಾನು ಒಂದು ಹೇಳಿದರೆ ನೀನು ಎರಡು ಹೇಳಿ ಕಳಿಸುತ್ತಿದ್ದೆ. ಕೊನೆಗೆ ಅವಳಿಗೆ ತಲೆ ಕೆಟ್ಟಿತು. "ನಾ ಏನು ನಿಮ್ಮಿಬ್ಬರ ಪೋಸ್ಟ್‌ಮ್ಯಾನ್ ಏನು? ಒಂದು ಮಾರು ದೂರ ನಿಂತು ಒಬ್ಬರಿಗೊಬ್ಬರು ಹೇಳಲಿಕ್ಕ ಆಗಂಗಿಲ್ಲ. ನೀವೇ ಕೂಡಸ್ರಿ," ಎಂದು ಗಾಡಿಯೊಳಗೆ ಕೂತು ಗಾಜು ಏರಿಸಿಬಿಟ್ಟಳು. ನಾವಿಬ್ಬರೂ ಕಳ್ಳರ ಹಾಗೆ ನಿಂತೆವು.

ಆಮೇಲೆ ಚೈನು ಜಾರಿತು. ಎಂಜಿನ್ ಕೆಳಗೆ ಬಂತು. "ಮಚ್ಯಾ, ಕೈ ತಗಿ" ಎಂದು ಯಾರೋ ಕೂಗಿದರು.

ಯಾರು ಕೂಗಿದರೋ ನನಗೆ ತಿಳಿಯದು. ಚೈನು ಗದ್ದಲ ಮಾಡುತ್ತಿತ್ತು, ಗೌಸನ ಅಂಗಳದಲ್ಲಿ ಹುಡುಗರು ಪತ್ರಾ ಬಡಿಯುತ್ತಿದ್ದರು. ಕೈ ತಾನಾಗಿ ಹಿಂದಕ್ಕೆ ಬಂತು, ಕಿರುಬೆರಳಿನ ಉಗುರು ಮಾತ್ರ ಕಪ್ಪಾಗಿದೆ. ಮಚ್ಯಾ ಎಂದು ನನ್ನನ್ನು ಕರೆಯುತ್ತಿದ್ದವರು ಈ ಲೋಕದಲ್ಲಿ ಇಬ್ಬರೇ, ಒಬ್ಬರು ತೀರಿಕೊಂಡಿದ್ದಾರೆ. ಅಪ್ಪನೇ ಕೂಗಿರಬೇಕು ಎಂದು ನಾನು ತಿಳಿದಿದ್ದೇನೆ. ನಾಳೆ ಮೋರಖಂಡಿಯ ಪಂಚರು ಬಂದು ಕೇಳಿದರೂ ಇದನ್ನೇ ಹೇಳುತ್ತೇನೆ. ಅಪ್ಪನ ಆಣೆ ಎಲ್ಲಿತ್ತೋ ಅಲ್ಲೇ ಇದೆ. ನೀನು ಎದ್ದು ಊಟ ಮಾಡು.

ಇನ್ನೊಂದು ಮಾತು ಮಾತ್ರ ಬಿಡಲಾರೆ. ಎಂಜಿನ್ ಕೂಡಿಸಿ ಚಾಲೂ ಮಾಡಿದಾಗ ಅವಳು ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಗಾಜು ಇಳಿಸಿ ನಿನಗೆ ಕೇಳಿದಳು, "ಬರಾಬರ್ ಅದ ಏನಪ್ಪಾ?" ನೀನು ಅಪ್ಪನ ಹಾಗೇ ತಲೆ ಓರೆ ಮಾಡಿ ಕೇಳಿ, ಇನ್ನೂ ಸ್ವಲ್ಪ ಅದ ಎಂದೆ. ಅಲ್ಲಿಗೆ ನನ್ನ ನಾಲ್ಕು ತಿಂಗಳ ಬೆವರು ಯಾರ ಲೆಕ್ಕಕ್ಕೂ ಇರಲಿಲ್ಲ. ಉಗುರು ಅಷ್ಟು ಉರಿಯಲಿಲ್ಲ, ಇದು ಉರಿಯಿತು.

ಮಚ್ಚೇಂದ್ರ


ಹುಮನಾಬಾದ್
ರವಿವಾರ, 12 ಜನವರಿ 2025

ತಮ್ಮ ಮಚ್ಚೇಂದ್ರನಿಗೆ ನಿನ್ನ ಅಣ್ಣನ ಜೈಭೀಮ್.

ನೀನು ಈಗಷ್ಟೇ ಮಿತ್ರಾ ಜೊತೆ ಗಾಡಿಯಲ್ಲಿ ಕಲ್ಯಾಣಕ್ಕೆ ಹೊರಟೆ. ಧೂಳು ಇನ್ನೂ ಇಳಿದಿಲ್ಲ, ನಾನು ಬರೆಯಲು ಕೂತಿದ್ದೇನೆ. ಇದು ಮುಂದಿನ ಹಿಟ್ಟಿನ ಚೀಲದಲ್ಲಿ ಬರುತ್ತದೆ. ನೀನು ಕೊಟ್ಟ ಎಂಜಿನ್ ಗಿರಣಿಯಲ್ಲಿ ದಾರಿಗೆ ಬಂದಿದೆ, ಮುಂಜಾನೆ ಸ್ವಲ್ಪ ಕೆಮ್ಮುತ್ತದೆ ಅಷ್ಟೆ.

ಬೆಳಿಗ್ಗೆ ಹಾರ್ನ್ ಕೇಳಿ ಹೊರಗೆ ಬಂದಾಗ ಮೊದಲು ಕಂಡದ್ದು ಆ ಹಸಿರು ಬಣ್ಣ ಅಲ್ಲ, ಮುಂದೆ ಕಟ್ಟಿದ ಎಲ್ ಬೋರ್ಡೂ ಅಲ್ಲ. ಅವಳ ಮಗ್ಗುಲಲ್ಲಿ ಕೂತ ನೀನು. ಕಲಿಯುವವರ ಪಕ್ಕ ಲೈಸೆನ್ಸ್ ಇದ್ದವರು ಕೂರಬೇಕು ಎಂಬ ಕಾಯಿದೆ ನನಗೂ ಗೊತ್ತು. ಲೈಸೆನ್ಸ್ ನನಗೂ ಇದೆ. ಕಲ್ಯಾಣದಿಂದ ಇಲ್ಲಿಯ ತನಕ, ಅವಳ ಮೊದಲ ದೊಡ್ಡ ದಾರಿ, ಅದೂ ನಿನಗೇ ಸಿಕ್ಕಿತಲ್ಲ. ಒಳಗೆ ಹೋಗಿ ಗಿರಣಿಯ ಬಾಗಿಲು ಹಾಕಿಕೊಳ್ಳಬೇಕು ಎನಿಸಿತು. ರತ್ನಮಾಲಾ ಆಗಲೇ ಸೆರಗು ಸರಿಮಾಡಿಕೊಂಡು ಹಿಂದಿನ ಸೀಟಿಗೆ ಹತ್ತಿದ್ದಳು.

"ಅಪ್ಪಾ, ಮುಂದ ಇಬ್ಬರಿಗೂ ಜಾಗ ಅದ, ನಿರ್ಣಾ ಊರಿನ ತನಕ ಹೋಗಿ ಬರೋಣ, ಬಾ," ಎಂದಳು ಮಗಳು. ಬಾಗಿಲ ಕಡೆಯ ಜಾಗ ನನ್ನದೇ ಎಂದುಕೊಂಡು ನಾನು ಬಂದೆ. ನೀನು ಇಳಿದೆ. ಇಳಿದು ಬಾಗಿಲು ಹಿಡಿದು ನಿಂತೆ. ನೀನು ಒಳಗೆ ಸರಿಯಲಿ ಎಂದು ನಾನು ಕಾದೆ, ನಾನು ಹತ್ತಲಿ ಎಂದು ನೀನು ಕಾದೆ. ನನ್ನ ಮುಖ ನೋಡದೆ ರಸ್ತೆಯ ಕಡೆ ನೋಡುತ್ತ, ಚಿಕ್ಕವನಿದ್ದಾಗ ನಾನು ಪ್ಯಾಸೆಂಜರಿಗೆ ಬಾಗಿಲು ಹಿಡಿಯುತ್ತಿದ್ದೆನಲ್ಲ, ಹಾಗೇ ಹಿಡಿದಿದ್ದೆ. ಕಿರುಬೆರಳಿಗೆ ಹೊಸ ಉಗುರು ಬಂದಿತ್ತು. ಆಗ ತಿಳಿಯಿತು ನನಗೆ. ಹತ್ತಿ ನಡುವೆ, ಆಗ ನೀನು ಕೂರುತ್ತಿದ್ದ ಜಾಗಕ್ಕೆ, ಸರಿದು ಕೂತೆ. ನೀನು ಆಮೇಲೆ ಹತ್ತಿ ಬಾಗಿಲು ಹಾಕಿಕೊಂಡೆ.

ದಾರಿಯಲ್ಲಿ ನೀನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಎಂಜಿನ್ ಕೇಳಬೇಕಿತ್ತು. ಅಪ್ಪನಿದ್ದಾಗ ಹೇಗಿತ್ತೋ ಹಾಗೇ ಇತ್ತು. ನಿನ್ನ ವೈರಿಂಗ್ ಚೆನ್ನಾಗಿದೆ, ಪತ್ರಾ ಎಲ್ಲಿಯೂ ಗಡಗಡ ಎನ್ನಲಿಲ್ಲ. ಇದನ್ನು ಬಾಯಿ ಬಿಟ್ಟು ಹೇಳಲಾರೆ ಎಂದು ನೀನು ಬರೆದಿದ್ದೆ, ಕೈಯಿಂದ ಹೇಳುತ್ತಿದ್ದೇನೆ.

ಅವಳು ಇನ್ನೂ ಗೇರನ್ನು ಜೋರಾಗಿ ಹಾಕುತ್ತಾಳೆ. ಒಂದೊಂದು ಗೇರಿಗೂ ಮೊಣಕೈ ಬಂದು ನನ್ನ ಬಲಪಕ್ಕೆಗೆ ಬಡಿಯುತ್ತಿತ್ತು. "ಹತ್ತತಾ ಅಪ್ಪಾ?" ಎಂದು ಕೇಳಿದಳು. ಇಲ್ಲ ಎಂದೆ. ನಿರ್ಣಾದಿಂದ ತಿರುಗಿ ಬರುವಾಗಲೂ ಸರಿದು ಕೂರಲಿಲ್ಲ.

ನೀವು ಹೋದ ಮೇಲೆ ಅಂಗಿ ತೆಗೆದು ನೋಡಿಕೊಂಡೆ. ಕೆಂಪಾಗಿದೆ. ಎಣ್ಣೆ ಹಚ್ಚಲೇನು ಎಂದಳು ರತ್ನಮಾಲಾ, ಬೇಡ ಎಂದೆ. ಮುಂದಿನ ರವಿವಾರ ನೀನೂ ಬಾ. ಅಂಗಿ ಎತ್ತಿ ತೋರಿಸುತ್ತೇನೆ.

ಲಾಲಪ್ಪ